ಪಡ ಯಾರದೆಂದು ಕೇಳಿದರು

ಮೊಮ್ಮಗಳು ವರದಿಯಲ್ಲಿ ಸುಳ್ಳು ಬರೆದಿರಲಿಲ್ಲ. ಹೇಳಬೇಕಾದ ಸಂಬಂಧ ಹೇಳಿರಲಿಲ್ಲ, ಅಷ್ಟೆ. ಈ ದೇಶದಲ್ಲಿ ಅದೂ ತಪ್ಪು.

ನಾನು ಅಥಣಿ ಬಿಟ್ಟು ನೆದರ್ಲ್ಯಾಂಡ್ಸಿಗೆ ಬಂದದ್ದು ಅವಳ ಕೂಸು ನೋಡಿಕೊಳ್ಳಲು. ಮನೆಯ ಮೆಟ್ಟಿಲೆಂದರೆ ಏಣಿ. ಮಧ್ಯಾಹ್ನ ಎಲ್ಲರೂ ತಣ್ಣನೆ ಬ್ರೆಡ್ ತಿಂದು ಏಳುತ್ತಾರೆ. ಮಾತಾಡಲು ಯಾರೂ ಇಲ್ಲದ ಮೊದಲ ಚಳಿಗಾಲ ಹೆಂಗೋ ಕಳೆಯಿತು. ಈಗ ಅಂಗಡಿಯಲ್ಲಿ ಮೆಣಸಿನಕಾಯಿ ನಾನೇ ಕೇಳಿ ತರುತ್ತೇನೆ.

ಮೊಮ್ಮಗಳು ಶೈಲಾ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ದ್ರಾಕ್ಷಿ ಎಲೆಯ ರೋಗಕ್ಕೆ ಬಂದ ಹೊಸ ಔಷಧಿ ಪರೀಕ್ಷೆ ಮಾಡುತ್ತಾಳೆ. ನಮ್ಮ ಕಡೆಯ ಕೆಲವು ಪಡಗಳಿಗೆ, ಅಂದರೆ ದ್ರಾಕ್ಷಿ ತೋಟಗಳಿಗೆ, ಹೊಡೆಸಿದ್ದಳು. ಅದರಾಗ ಒಂದು ನನ್ನದು. ಅದೇ ಔಷಧಿ ಅವಳಪ್ಪ, ನನ್ನ ಮಗ ಬಸು, ಅಥಣಿಯಲ್ಲಿ ಮಾರುತ್ತಾನೆ. ಸುಮ್ಮನೆ ಮಾರಲಿಲ್ಲ, 'ನನ್ನ ಮಗಳೇ ವಿದೇಶದಾಗ ಪರೀಕ್ಷಿಸಿದ್ದು' ಎಂದು ಅವಳ ಫೋಟೊ ಹಾಕಿ ಅಂಗಡಿ ಮುಂದೆ ಫ್ಲೆಕ್ಸ್ ಕಟ್ಟಿದ. ಅದರ ಚಿತ್ರ ಫೋನಿನಿಂದ ಫೋನಿಗೆ ಹಾರಿ ಅವಳ ವಿಶ್ವವಿದ್ಯಾಲಯಕ್ಕೂ ಬಂತು.

ನಮ್ಮಲ್ಲಿ ಹೊಸ ಔಷಧಿ ಮೊದಲು ಸ್ವಂತ ಪಡಕ್ಕೆ ಹೊಡೆದು ತೋರಿಸಬೇಕು, ಇಲ್ಲದಿದ್ದರೆ ಯಾವ ರೈತನೂ ಡಬ್ಬಿ ಮುಟ್ಟುವುದಿಲ್ಲ. ಇಲ್ಲಿ ಸ್ವಂತದ್ದೆಂದರೇ ಸಂಶಯ. ಡಚ್ ಮಾತಿನಲ್ಲಿ 'ಬೆಲಾಂಗ್' ಅನ್ನುತ್ತಾರೆ: ಯಾವುದರಲ್ಲಿ ನಿನಗೆ ಲಾಭವೋ ಅದು. ಮೊದಲೇ ಹೇಳಿಬಿಡಬೇಕು. ಹೇಳದ್ದಕ್ಕೆ ಶೈಲಾಳ ಕೆಲಸವೇ ಹೋಗುವ ಹಂಗಾಗಿತ್ತು.

ಪಡದ ಒಡತಿ ಎಂದು ನನ್ನನ್ನೂ ವಿಶ್ವವಿದ್ಯಾಲಯದ ಕಚೇರಿಗೆ ಕರೆದರು. ನನ್ನ ಮಾತನ್ನು ಶೈಲಾ ಅವರ ಭಾಷೆಗೆ ತಿರುಗಿಸಿ ಹೇಳುವ ಹಂಗಿಲ್ಲ, ಅದೂ ಬೆಲಾಂಗ್. ಕನ್ನಡದವರು ಸಿಗಲಿಲ್ಲ. ದುಭಾಷಿಯಾಗಿ ಕೊಲ್ಹಾಪುರದ ಪಾಟೀಲ ಎಂಬುವರನ್ನು ಕೂರಿಸಿದರು. ಮರಾಠಿ ನನಗೆ ಮನೆಮಾತಿನಷ್ಟೇ ಬರುತ್ತದೆ.

"ಆಜೀ, ಬಾಗ ಕುಣಾಚೀ?" ತೋಟ ಯಾರದು ಎಂದರು.

"ಮಾಝೀ." ನನ್ನದು.

"ಅದರಾಗ ಮೊಮ್ಮಗಳಿಗೆ ಪಾಲು ಐತೇನು?" ಮರಾಠಿಯಲ್ಲೇ ಮುಂದೆ ಕೇಳಿದರು.

"ಇವತ್ತು ಇಲ್ಲ. ನಾ ಸತ್ತರ ಅಕಿಗೇ."

ಶೈಲಾಳ ಮುಖ ಸಣ್ಣದಾಯಿತು. ಹೊರಗೆ ಬಂದು, "ಅಷ್ಟೆಲ್ಲಾ ಯಾಕ ಹೇಳ್ದಿ ಆಯಿ?" ಅಂದಳು.

"ಹೇಳಲಿಲ್ಲಂತನ ಅಲ್ಲೇನ ಕರದದ್ದು?"

ಪರೀಕ್ಷೆಯಿಂದ ನಮ್ಮ ಪಡದ ಲೆಕ್ಕ ತೆಗೆದುಹಾಕಿದರು. ಶೈಲಾಳ ಕೆಲಸ ಉಳಿಯುವುದೋ ಇಲ್ಲವೋ, ಉತ್ತರ ಆಮೇಲೆ ಬರೆದು ತಿಳಿಸುತ್ತೇವೆ ಅಂದರು.

ಮರುದಿನ ಬೆಳಿಗ್ಗೆ ಎದ್ದು ಪಾಟೀಲರಿಗೆಂದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಇಟ್ಟು ಕಟ್ಟಿದೆ.

"ಉತ್ತರ ಬರೂತನಕ ಅವರಿಗೆ ಏನೂ ಕೊಡಂಗಿಲ್ಲ ಆಯಿ," ಅಂದಳು ಶೈಲಾ.

"ರೊಟ್ಟಿನೂ?"

"ರೊಟ್ಟಿನೂ."

ಊರಲ್ಲಿ ಉಪಕಾರ ಮಾಡಿದವರನ್ನು ಬರಿಗೈಲಿ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ಇಲ್ಲಿ ಕೊಟ್ಟರೆ ಅವಳಿಗೆ ಕುತ್ತು. ಗಂಟು ಬಿಚ್ಚಿ ಅವಳ ತಾಟಿಗೆ ಬಡಿಸಿದೆ.