ನಾಲ್ಕನೆಯ ಚೌಕ

ಮದುವೆ ಊಟದಲ್ಲಿ ಬಡಿಸುವುದರಲ್ಲಿ ನಮ್ಮ ಯಜಮಾನರು ಹೆಸರಾದವರು. ಹುಬ್ಬಳ್ಳಿಯಲ್ಲಿ ಟೈರಿನ ಅಂಗಡಿ ಇತ್ತು. ನೆಂಟರ ಮದುವೆ ಅಂದರೆ ಅಂಗಡಿ ಬಾಗಿಲು ಹಾಕಿ ತುಪ್ಪದ ಪಾತ್ರೆ ಹಿಡಿದು ನಿಲ್ಲುತ್ತಿದ್ದರು. ಯಾರಾದರೂ ಸಾಕು ಅಂತ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೆಯೇ ಸುರಿಯುವರು. ಪಂಕ್ತಿಯೆಲ್ಲ ನಗುವುದು. ಸುರಿಸಿಕೊಂಡವರೂ ನಗಬೇಕು, ಇನ್ನೇನು ಮಾಡುತ್ತಾರೆ? ನನಗೆ ಅದು ಯಾವತ್ತೂ ಸೇರಲಿಲ್ಲ.

ಈಗ ಅವರು ಪರದೇಶದ ನೆವಾರ್ಕಿನಲ್ಲಿ, ಮಗಳ ಅಪಾರ್ಟ್‌ಮೆಂಟಿನ ಕಿಟಕಿಯ ಹತ್ತಿರ ಗಾಲಿ ಕುರ್ಚಿಯಲ್ಲಿದ್ದಾರೆ. ಲಕ್ವಾ ಹೊಡೆದ ಮೇಲೆ ಕೈಕಾಲು ಬಿದ್ದುಹೋದವು, ಮಾತೂ ಹೋಯಿತು. ಕಣ್ಣು ಆಡುತ್ತವೆ. ಮೆತ್ತಗೆ ಮಾಡಿಕೊಟ್ಟರೆ ನುಂಗುತ್ತಾರೆ. ಬುದ್ಧಿ ಎಲ್ಲಾ ಹಾಗೇ ಇದೆ. ಸಿಟ್ಟೂ ಇದೆ, ಕಣ್ಣಲ್ಲೇ ಗೊತ್ತಾಗುತ್ತದೆ.

ಮಗಳ ಆಫೀಸು ಅಲ್ಲೇ ಹತ್ತಿರ ಎಮರಿವಿಲ್ಲಿನಲ್ಲಿ, ಅಪ್ಪನಿಗೆ ಉಣಿಸುವ ಯಂತ್ರ ಅಲ್ಲಿಯವರದೇ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ರೋಬೋಟು ಮಾಡುತ್ತದೆ ಅಂತ ಬಂದವರಿಗೆಲ್ಲ ಹೇಳುತ್ತಾಳೆ. ಹಾಗೇನೂ ಇಲ್ಲ. ನಾನು ದಿನಾ ನೋಡಿದವಳು. ಎದುರಿಗೆ ಒಂದು ಸ್ಕ್ರೀನು, ಅದರಲ್ಲಿ ಚೌಕಗಳು ಮಿಣಮಿಣ ಅನ್ನುತ್ತಿರುತ್ತವೆ, ಒಂದೊಂದರ ವೇಗ ಒಂದೊಂದು. ತಲೆಗೆ ವೈರುಗಳ ಟೊಪ್ಪಿಗೆ. ಯಾವ ಚೌಕ ನೋಡುತ್ತಾರೋ ಅದರ ಮಿಣುಕು ತಲೆಯ ಹಿಂಭಾಗದಲ್ಲಿ ಸಿಗುತ್ತದಂತೆ. ಟೊಪ್ಪಿಗೆ ಅದನ್ನು ಹಿಡಿದು ಮೇಜಿಗೆ ಬಿಗಿದ ರೋಬೋಟಿನ ಕೈಗೆ ಹೇಳುತ್ತದೆ, ಆ ಕೈ ಚಮಚ ಎತ್ತುತ್ತದೆ. ಚೌಕಗಳು ಮೂರು: ಅನ್ನ, ಮೊಸರು, ನೀರು. ಮನಸ್ಸಿನಲ್ಲಿ ಬೇರೆ ಏನಿದ್ದರೂ ಅದಕ್ಕೆ ಚೌಕವಿಲ್ಲ.

ಮೊದಲ ದಿನ ಅವರು ಅನ್ನದ ಚೌಕ ನೋಡಿದರು, ಚಮಚ ಬಾಯಿಗೆ ಬಂತು. ಮಗಳು ಅತ್ತಳು. ನಾನು ತಟ್ಟೆ ತೊಳೆದೆ. ಒಳ್ಳೆಯದೇ ಆಯಿತು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ?

ಆಮೇಲೆ ಊಟ ಕಡಿಮೆಯಾಗುತ್ತಾ ಬಂತು. ನಾಲ್ಕು ತುತ್ತಿಗೆ ಕಣ್ಣು ಮುಚ್ಚಿಬಿಡುವರು. ಕಣ್ಣು ಮುಚ್ಚಿದರೆ ಯಂತ್ರಕ್ಕೆ ಏನೂ ಸಿಗುವುದಿಲ್ಲ, ಕುಂಯ್ ಕುಂಯ್ ಅನ್ನುತ್ತದೆ. ಅಪ್ಪಾ ಸ್ಕ್ರೀನ್ ನೋಡು, ಅಪ್ಪಾ ಕಣ್ಣು ತೆಗಿ ಅಂತ ಮಗಳು ಬೆನ್ನು ಬೀಳುವಳು. ಎಷ್ಟು ಹೊತ್ತು ಮುಚ್ಚಿಕೊಂಡಿದ್ದಾರು? ತೆರೆದ ಕೂಡಲೇ ಕಣ್ಣು ಯಾವುದಾದರೊಂದು ಚೌಕದ ಮೇಲೆ ಬೀಳುತ್ತದೆ, ಮತ್ತೊಂದು ಚಮಚ ಬರುತ್ತದೆ. ಕಣ್ಣು ತೆರೆದ ತಪ್ಪಿಗೆ ಒಂದು ತುತ್ತು.

ಒಂದು ದಿನ ಮಗಳಿಗೆ ಹೇಳಿದೆ.

"ಸಾಕು ಅನ್ನಾಕ ಒಂದು ಚೌಕ ಇಡು."

"ಇಟ್ರ ಅಪ್ಪ ಅದನ್ನ ನೋಡ್ತಾನವ್ವಾ."

"ನೋಡ್ಲಿ. ಬಾಯಿ ಅವರ್ದು."

ಅವಳ ಹೆದರಿಕೆ ನನಗೂ ಗೊತ್ತಿತ್ತು. ತೂಕ ಹೀಗೇ ಇಳಿದರೆ ಹೊಟ್ಟೆಗೆ ನಳಿಗೆ ಹಾಕಬೇಕು, ಇಲ್ಲವೇ ಅವರ ಇಷ್ಟಕ್ಕೆ ಬಿಟ್ಟುಬಿಡಬೇಕು, ಯಾವುದು ಅಂತ ಮನೆಯವರು ಯೋಚಿಸಿ ಅಂತ ಡಾಕ್ಟರು ಹೇಳಿದ್ದರು. ಅವರು ತಿನ್ನುತ್ತಿರುವ ತನಕ ಮಗಳು ಯೋಚಿಸಬೇಕಾಗಿಲ್ಲ. ಅಪ್ಪ ತಾನಾಗಿ ಕೇಳಿ ತಿನ್ನುತ್ತಿದ್ದಾನೆ ಅಂತ ಅವಳಿಗೆ ಬೇಕಿತ್ತು. ಆಫೀಸಿನವರಿಗೂ ಅದೇ ಬೇಕಿತ್ತು, ವಿಡಿಯೋ ಮಾಡಿಕೊಂಡು ಹೋಗಿದ್ದರು.

ಅನ್ನ ಅಂತ ಅವರಿಗೆ ಕೊಡುತ್ತಿದ್ದ ನುಚ್ಚನ್ನು ಕುದಿಸುವುದನ್ನು ನಾನು ಬಿಟ್ಟೆ. ಚೌಕ ಬಂದರೆ ಒಲೆ ಹಚ್ಚುತ್ತೇನೆ ಅಂದೆ. ಎರಡು ದಿನ ಅಂಗಡಿಯ ಡಬ್ಬಿಯ ಗಂಜಿ ಕೊಟ್ಟು ನೋಡಿದಳು, ಅವರು ಉಗುಳಿದರು. ನಾಲ್ಕನೆಯ ಚೌಕ ಬಂತು. ಬಂದರೂ ಅದರಲ್ಲೊಂದು ಕೊಕ್ಕೆ. ಅನ್ನಕ್ಕೆ ಒಂದು ಸಲ ನೋಡಿದರೆ ಆಯಿತು, ಸಾಕು ಅನ್ನುವುದಕ್ಕೆ ಮೂರು ಸಲ ನೋಡಬೇಕು. ತಪ್ಪಿ ಕಣ್ಣು ಬಿದ್ದರೆ ಅಂತ ಹಾಗೆ ಮಾಡಿದೆವು ಅಂದಳು. ಅನ್ನದ ಮೇಲೆ ತಪ್ಪಿ ಕಣ್ಣು ಬೀಳುವುದಿಲ್ಲವೇನು ಅಂತ ಕೇಳಿದೆ. ಮೀಟಿಂಗು ಇದೆ ಅಂತ ಎದ್ದು ಹೋದಳು.

ಆ ಶನಿವಾರ ಮಧ್ಯಾಹ್ನ ನುಚ್ಚು, ಮಜ್ಜಿಗೆ ಮಾಡಿದ್ದೆ. ಎರಡು ತುತ್ತು ತಿಂದರು. ಆಮೇಲೆ ನಾಲ್ಕನೆಯ ಚೌಕ ನೋಡಿದರು. ಸ್ಕ್ರೀನು ಮತ್ತೆ ಕೇಳಿತು, ಮತ್ತೆ ನೋಡಿದರು. ಇನ್ನೊಮ್ಮೆ ಕೇಳಿತು. ಹಣೆ ಬೆವತಿತ್ತು. ಕಣ್ಣು ಅಲ್ಲಾಡಿಸಲಿಲ್ಲ, ಹಟ ಹಿಡಿದವರ ಹಾಗೆ ನೋಡಿದರು. ರೋಬೋಟಿನ ಕೈ ಚಮಚ ಕೆಳಗಿಟ್ಟು ಸುಮ್ಮನಾಯಿತು.

ಮಗಳು ಎದ್ದು ಟೊಪ್ಪಿಗೆ ಒತ್ತಿದಳು, ವೈರುಗಳ ಬುಡಕ್ಕೆ ಜೆಲ್ಲು ಹಚ್ಚಿದಳು.

"ಸಿಗ್ನಲ್ಲು ಸರಿ ಬರವಲ್ದು. ಇವತ್ತಿಂದು ಲೆಕ್ಕಕ್ಕ ಹಿಡಿಯೂದು ಬ್ಯಾಡ."

"ಸರಿ ಬಂದೈತಿ. ಮೂರು ಸಲ ಬಂದೈತಿ."

ಅವಳು ಯಂತ್ರ ಬಂದ್ ಮಾಡಿ ತಾನೇ ಚಮಚ ತೆಗೆದುಕೊಂಡು ತುಂಬಿಸಿದಳು. ಬಾಯಿ ತೆಗಿಯಪ್ಪಾ ಒಂದೇ ಒಂದು ಅಂದಳು. ಇವಳಪ್ಪ ತುಪ್ಪ ಹಿಡಿದು ಅನ್ನುತ್ತಿದ್ದ ಮಾತೂ ಅದೇ. ನಾನು ಅವರ ಬಾಯಿಯ ಮುಂದೆ ಕೈ ಅಡ್ಡ ಹಿಡಿದೆ.

ಅವಳು ಚಮಚ ತಡೆಯಲಿಲ್ಲ. ನುಚ್ಚು ನನ್ನ ಕೈಯ ಮೇಲೆ ಬಿತ್ತು, ಅವರ ಅಂಗಿಯ ಮೇಲೂ ಸ್ವಲ್ಪ. ಯಾರೂ ನಗಲಿಲ್ಲ.

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಕೈ ತೆಗೆಯಲಿಲ್ಲ. ಅಪ್ಪ ಸಾಕು ಅಂದರು ಅಂತ ಡಾಕ್ಟರಿಗೆ ಫೋನು ಮಾಡು ಎಂದು ಮಗಳಿಗೆ ಹೇಳಿದೆ.