ಮಸೂದಾ ಆರಿಸಿದ ಕರಿಗಲ್ಲು

ತಿಬೇರಿಯಾ ಊರಿನ ಮಸೂದಾ ಹೆದರುತ್ತಿದ್ದುದು ಒಂದಕ್ಕೇ, ಪಕ್ಕದ ಮನೆಯ ಫ್ರೆಹಾಳ ಬಾಯಿಗೆ. ದೇವರ ವಾಕ್ಯದ ಸುರುಳಿಯಿಟ್ಟು ಬಾಗಿಲ ಚೌಕಟ್ಟಿಗೆ ಬಡಿದ ಪುಟ್ಟ ಕರಡಿಗೆಯಾದ ಮೆಜೂಜಾವನ್ನು ಯೆಹೂದಿಗಳೆಲ್ಲರೂ ಮುಟ್ಟಿ, ಬೆರಳಿಗೆ ಮುತ್ತಿಟ್ಟು ಒಳಬರುತ್ತಾರೆ. ಫ್ರೆಹಾ ಮಾತ್ರ ಮುಟ್ಟಿದ ಕೈ ತೆಗೆಯದೆ ಅಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದಳು. ಹಳೆಯ ಕರಡಿಗೆ ಒಡೆದದ್ದೇ ತಡ, ಮಸೂದಾ ಅಂಗಡಿಗೆ ಓಡಿದಳು.

"ತಣ್ಣಗಿರೋ ಅಮೃತಶಿಲೆದು ಕೊಡ್ಲಾ, ಅಕ್ಕಾ?" ಎಂದ ಅಂಗಡಿಯವನು.

"ಬೇಡಪ್ಪಾ. ಬಿಸಿಲಿಗೆ ಹೆಂಚಿನ ಥರ ಕಾಯೋದು ಕೊಡು."

ಕರಿಗಲ್ಲಿನ ಕರಡಿಗೆ ಪಡುವಣ ಬಾಗಿಲೇರಿತು. ಮರುದಿನ ಇಳಿಹೊತ್ತಿಗೆ ಫ್ರೆಹಾ ಅದನ್ನು ಮುಟ್ಟಿದವಳೇ ಕೈ ಕೊಡವಿಕೊಂಡು ಪರಾರಿಯಾದಳು. ಮಸೂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದರೆ ಇಡೀ ಬೀದಿಯೇ ಸಾಲುಗಟ್ಟಿ ನಿಂತಿದೆ! ಎಲ್ಲರಿಗಿಂತ ಮುಂದೆ ಫ್ರೆಹಾ.

"ಏನ್ ಶಕ್ತಿನೇ ನಿನ್ ಮೆಜೂಜಾಗೆ! ಮುಟ್ಟಿದ್ರೆ ಮೈಯೆಲ್ಲಾ ಜುಮ್ ಅನ್ನುತ್ತೆ! ಒಂದ್ ಕುರ್ಚಿ ಹಾಕೇ, ಬಂದೋರಿಗೆಲ್ಲಾ ನಾನೇ ಹೇಳ್ಬೇಕಲ್ಲ!"