ಇನ್ನು ಎನ್ನದ ಮನೆ

ನೆನೆದ ಮೆಂತ್ಯಕ್ಕೂ ಒದ್ದೆ ಕಾಗದಕ್ಕೂ ಸೇರಿ ಒಂದು ವಾಸನೆ ಇದೆ. ಬೇರೆ ಬೇರೆಯಾಗಿ ಮೂಸಿದರೆ ಸಿಗುವುದಿಲ್ಲ. ಎರಡನ್ನೂ ಕಲ್ಲಿಗೆ ಹಾಕಿ ರುಬ್ಬಿದಾಗ ಮಾತ್ರ ಏಳುವ ಕಹಿ ಕಹಿ ವಾಸನೆ ಅದು, ಮಳೆ ನಿಂತ ಮೇಲೆ ಹಳೇ ಪುಸ್ತಕದ ಅಂಗಡಿಗೆ ಕಾಲಿಟ್ಟ ಹಾಗೆ. ಕಳೆದ ತಿಂಗಳು ಕುವೆಂಪುನಗರದಲ್ಲಿ, ನಮ್ಮ ಬೀದಿಯಲ್ಲೇ ಇರುವ ಗೆಳತಿಯ ಮನೆಯಲ್ಲಿ, ಬೋಗಾದಿಯಿಂದ ಸ್ಕೂಟಿಯಲ್ಲಿ ಬಂದ ಹುಡುಗಿಯೊಬ್ಬಳು ನಮಗೆಲ್ಲ ಡಿಕೂಪಾಜ್ ಹೇಳಿಕೊಡುತ್ತಿದ್ದಳು. ಗುಲಾಬಿ ಹೂವಿನ ನ್ಯಾಪ್ಕಿನ್ನನ್ನು ಪದರ ಬಿಡಿಸಿ, ಖಾಲಿ ಬಾಟಲಿಗೆ ಸುಕ್ಕಿಲ್ಲದಂತೆ ಅಂಟಿಸಿ, ಮೇಲೆ ವಾರ್ನಿಶ್ ಬಳಿಯುವುದು. ಎಲ್ಲರೂ ನಗುತ್ತಾ ಕೈ ಅಂಟು ಮಾಡಿಕೊಂಡು ಕೂತಿದ್ದೆವು. ಕೊನೆಯಲ್ಲಿ ಆ ಹುಡುಗಿ ಒಂದು ಡಬ್ಬಿಯ ಮುಚ್ಚಳ ತೆಗೆದು, "ಇದು ಹಳೇ ಪೇಪರ್ ರುಬ್ಬಿದ್ದು ಆಂಟಿ, ಇದ್ರಲ್ಲಿ ಬಟ್ಟಲು ಮಾಡಬಹುದು. ನಮ್ಮಜ್ಜಿ ಹೇಳ್ಕೊಟ್ಟಿದ್ದು, ಮೆಂತ್ಯ ಹಾಕಿದೀನಿ, ಹುಳ ಹತ್ರ ಬರಲ್ಲ" ಎಂದಳು. ನಾನು ಬ್ರಷ್ ಕೆಳಗಿಟ್ಟು ಎದ್ದು ಬಾಲ್ಕನಿಗೆ ಹೋಗಿ ಕಂಬಿ ಹಿಡಿದುಕೊಂಡೆ. "ಏನಾಯ್ತೇ? ಬಿಪಿ ಮಾತ್ರೆ ತಗೊಂಡ್ಯಾ ಇಲ್ವಾ?" ಎಂದು ಗೆಳತಿ ಹಿಂದೆಯೇ ಬಂದಳು. ತಗೊಂಡಿದೀನಿ ಕಣೇ ಎಂದೆ.

ನಾನು ಬೆಳೆದದ್ದು ಚರ್ಚಿನ ಗಂಟೆ ಸ್ಪಷ್ಟವಾಗಿ ಕೇಳುವಷ್ಟು ಹತ್ತಿರದ ಒಂದು ವಠಾರದಲ್ಲಿ. ನಡುವೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ, ಪಕ್ಕದಲ್ಲಿ ರುಬ್ಬುವ ಕಲ್ಲು. ಈಗ ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಅಪ್ಪ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಸಂಜೆ ಸೈಕಲ್ಲಿನ ಹಿಂದೆ ಅವರು ಕಟ್ಟಿಕೊಂಡು ಬರುತ್ತಿದ್ದ ರದ್ದಿಯೇ ನಮ್ಮ ಮನೆಯ ಹಬ್ಬ. ಹೆಸರು ತಪ್ಪಿ ಅಚ್ಚಾದ ಲಗ್ನಪತ್ರಿಕೆ, ಅಂಚು ಕತ್ತರಿಸಿದಾಗ ಉದುರಿದ ಬಣ್ಣದ ಪಟ್ಟಿಗಳು, ವರ್ಷ ಕಳೆದ ಕ್ಯಾಲೆಂಡರು. ಅಮ್ಮ ಮೈದಾ ಗಂಜಿಗೆ, ಹುಳ ಹಿಡಿಯದಿರಲೆಂದು, ಚಿಟಿಕೆ ಮೈಲುತುತ್ತ ಹಾಕಿ ಅಂಟು ಕಾಯಿಸುವಳು. ಬಿಸ್ಕತ್ತಿನ ಡಬ್ಬ, ಕಾಫಿಪುಡಿ ಡಬ್ಬ, ಅಪ್ಪನ ಕ್ಷೌರದ ಪೆಟ್ಟಿಗೆ, ನನ್ನ ಸ್ಕೂಲಿನ ಕಂಪಾಸ್ ಬಾಕ್ಸು, ಯಾವುದನ್ನೂ ಅವಳು ಬರಿಮೈಯಲ್ಲಿ ಬಿಟ್ಟವಳಲ್ಲ. ಹೂವು ಕತ್ತರಿಸುವಾಗ ತುಟಿಯನ್ನು ಒಳಗೆ ಕಚ್ಚಿಕೊಳ್ಳುವಳು. ಒಂದು ನಿಯಮವಿತ್ತು: ದೇವರ ಪಟ, ಅದು ಯಾರ ದೇವರೇ ಆಗಲಿ, ಸೊಂಟಕ್ಕಿಂತ ಕೆಳಗಿಡುವ ಡಬ್ಬಕ್ಕೆ ಅಂಟಿಸಕೂಡದು. ಹಾಗಾಗಿ ಅಕ್ಕಿ ಡ್ರಮ್ಮಿನ ಮೈತುಂಬ ಬರೀ ಹೂವು. ಮೇಲಿನ ಗೂಡಿನ ಸಕ್ಕರೆ ಡಬ್ಬದ ಮೇಲೆ ಲಗ್ನಪತ್ರಿಕೆಯ ಗಣಪತಿ, ಪಕ್ಕದಲ್ಲಿ ಮಾತೆ ಮರಿಯಮ್ಮನವರು. ಎದುರುಮನೆಯ ಸಾಕಮ್ಮ, ಮಂಡಕಳ್ಳಿ ಕಡೆಯ ಒಕ್ಕಲು ಮನೆಯವಳು, ಸೊಪ್ಪು ಮಾರುತ್ತಿದ್ದವಳು, ಅದನ್ನು ನೋಡಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ನೋಡಕ್ಕ, ನಮ್ ಗಣಪ ನಿಮ್ ಮರಿಯಮ್ಮನ್ ಜೊತೆ ಸಕ್ಕರೆ ಕಾಯ್ಕಂಡು ಕುಂತವ್ನೆ. ಇರುವೆ ಬಂದ್ರೆ ಯಾರ್‌ನ ಕೇಳಾನ?" ಅವಳ ಸವೆದ ಮೊರಕ್ಕೂ ಬುಟ್ಟಿಗೂ ಮೆಂತ್ಯ ಹಾಕಿ ರುಬ್ಬಿದ ಕಾಗದ ಮೆತ್ತಿ ಬಿಸಿಲಿಗಿಡುವುದು ಅಮ್ಮನ ಕೆಲಸವೇ.

ನನಗಿಂತ ಮೂರು ವರ್ಷ ಚಿಕ್ಕವನು ನನ್ನ ತಮ್ಮ. ತಾತನ ಹೆಸರನ್ನೇ ಇಟ್ಟು ಇನ್ನಾಸಪ್ಪ ಎಂದು ಜ್ಞಾನಸ್ನಾನ ಕೊಡಿಸಿದ್ದರು. ಅಷ್ಟುದ್ದದ ಹೆಸರು ಅಷ್ಟು ಸಣ್ಣ ಹುಡುಗನಿಗೆ ಯಾಕೆ ಎಂದು ಅಮ್ಮ ಮೊಟಕು ಮಾಡಿ ಇನ್ನು ಎಂದು ಕರೆಯತೊಡಗಿದಳು. ಅವನು ಬಸ್ಸಿನ ಚಿತ್ರ ಸಿಕ್ಕಿದರೆ ಕಂಡಕಂಡ ಕಡೆ ತಲೆಕೆಳಗಾಗಿ ಅಂಟಿಸುವವನು. ಯಾಕೋ ಹೀಗೆ ಎಂದರೆ, "ಬಸ್ಸು ಬಿದ್ದೋಯ್ತು, ಜನ ಎಲ್ಲ ಇಳ್ದು ಓಡೋದ್ರು" ಎನ್ನುವನು. ಅಂಟಿನ ಬೆರಳನ್ನು ನೆಕ್ಕಲು ಹೋಗಿ ಏಟು ತಿನ್ನುವನು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಬಾಗಿಲಲ್ಲಿ ನಿಂತು "ಇನ್ನೂ... ಇನ್ನೂ..." ಎಂದು ಎಳೆದು ಕೂಗಿದರೆ, ವಠಾರದ ಗಂಡಸರು "ಸಾಕು ಕಣಮ್ಮ, ಎಷ್ಟು ಕೇಳ್ತೀಯಾ" ಎಂದು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು.

ಅವನಿಗೆ ಒಂದು ಜ್ವರ ಬಂತು. ಆಸ್ಪತ್ರೆಗೆ ಅಪ್ಪ ಹೆಗಲ ಮೇಲೆ ಹೊತ್ತುಕೊಂಡು ಹೋದರು; ವಾರದೊಳಗೆ ಹಾಗೆಯೇ ಹೊತ್ತುಕೊಂಡು ಬಂದರು. ನನಗೆ ಅದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ, ಕ್ಷಮಿಸಿ.

ಸತ್ತು ತಿಂಗಳಾದಾಗ ಚರ್ಚಿನಲ್ಲಿ ಮಾಡಿಸುವ ಪೂಜೆಗೆ ನಮ್ಮವರಲ್ಲಿ ನೆನಪಿನ ಕಾರ್ಡು ಹಂಚುತ್ತಾರೆ. ಒಂದು ಕಡೆ ತೀರಿಕೊಂಡವರ ಫೋಟೋ, ಹಿಂದೆ ಒಂದು ಪ್ರಾರ್ಥನೆ. ಬಂದವರು ಪೂಜೆಯ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾರೆ. ಅಪ್ಪನ ಪ್ರೆಸ್ಸಿನವರು ತಾವೇ ಮುಂದೆ ಬಂದು ಫೋಟೋ ಬ್ಲಾಕ್ ಮಾಡಿಸಿ ಅಚ್ಚು ಹಾಕಿಕೊಟ್ಟರು. ದುಃಖದಲ್ಲಿ ಕೈ ಧಾರಾಳವಾಗುತ್ತದೆ. ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಾಕಿಬಿಟ್ಟಿದ್ದರು. ಹಂಚಿ ಮುಗಿದ ಮೇಲೂ ಕಟ್ಟುಕಟ್ಟು ಉಳಿಯಿತು. ಮೊದಲ ಬಾರಿಗೆ ನಮ್ಮ ಮನೆಗೆ, ಏನು ಮಾಡಬೇಕೆಂದು ಅಮ್ಮನಿಗೆ ತಿಳಿಯದ ಕಾಗದ ಬಂದಿತ್ತು. ಬೀರುವಿನ ಕೆಳಗೆ ಅವನು ಒಬ್ಬನ ಮೇಲೊಬ್ಬನಾಗಿ, ನೂರಾರು ಮಂದಿಯಾಗಿ, ಒಂದೇ ನಗೆಯಲ್ಲಿ ಮಲಗಿದ್ದ.

ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ಕತ್ತರಿ ಎಲ್ಲಿತ್ತೋ ಅಲ್ಲೇ ತುಕ್ಕು ಹಿಡಿಯಿತು. ಒಂದು ದಿನ ಸಾಕಮ್ಮ ರಾಗಿ ಅಂಬಲಿ ತಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇನ್ನು ಸಾಕು ಬುಡಕ್ಕ, ಏಳು" ಎಂದಳು. ಮೊದಲ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮ ಸರಕ್ಕನೆ ತಿರುಗಿ ಬಾಗಿಲ ಕಡೆ ನೋಡಿದಳು. ಆ ಮುಖದಲ್ಲಿ ಬೆಳಕು ಬಂದು, ಬಾಗಿಲು ಖಾಲಿ ಎಂದು ಕಂಡು, ಆರಿದ್ದನ್ನು ನಾನು ನೋಡಿದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಲಿಲ್ಲ. ನೀವೇ ಒಂದು ದಿನ ಪ್ರಯತ್ನಿಸಿ ನೋಡಿ, ಕನ್ನಡದಲ್ಲಿ ಆ ಎರಡಕ್ಷರ ಬಿಟ್ಟು ಬದುಕಲು ಆಗುತ್ತದೆಯೇ ಎಂದು. ಸಾರು ಬೇಕಾದರೆ ನಾನು "ಮತ್ತೆ" ಎನ್ನುತ್ತಿದ್ದೆ. ಅಪ್ಪ ಮಳೆ ನಿಂತಿಲ್ಲ ಎನ್ನಬೇಕಾದರೆ "ಮಳೆ ಬರ್ತಾನೇ ಇದೆ" ಎನ್ನುತ್ತಿದ್ದರು. ಶಾಲೆಯಿಂದ ಓಡಿಬಂದು ಏನಾದರೂ ಹೇಳಲು ಬಾಯಿ ತೆಗೆದವಳು ಮಾತನ್ನು ಒಳಗೇ ತಡವಿ ನೋಡಿ, ಆ ಅಕ್ಷರ ಸಿಕ್ಕಿದರೆ ನುಂಗಿಬಿಡುತ್ತಿದ್ದೆ. ಇದನ್ನು ಬರೆಯುವಾಗಲೂ, ಗಮನಿಸಿದಿರೋ ಇಲ್ಲವೋ, ಕೈ ಅದರ ಪಕ್ಕದಿಂದ ಸುತ್ತಿಕೊಂಡೇ ಹೋಗುತ್ತಿದೆ.

ಆ ತಿಂಗಳುಗಳಲ್ಲಿ ಅಮ್ಮ ನನ್ನನ್ನು ಒಂದು ಸಲವೂ ಕರೆಯಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ; ನಾನು ಎದುರಿಗೆ ನಿಂತರೆ ನನ್ನನ್ನು ದಾಟಿ ಹಿಂದಿನ ಗೋಡೆ ನೋಡುತ್ತಿದ್ದಳು. ನನ್ನ ಜಡೆಯನ್ನು ಸಾಕಮ್ಮ ಹಾಕುತ್ತಿದ್ದಳು, ಬೆಳಿಗ್ಗೆ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಸಿಸ್ಟರ್ ಅದನ್ನು ಬಿಚ್ಚಿ ನೇರ ಮಾಡುತ್ತಿದ್ದರು. ನಾನೇ ಮೈದಾ ಕಾಯಿಸಿ, ಲೋಟವೊಂದಕ್ಕೆ ಸೇವಂತಿಗೆ ಹೂವುಗಳನ್ನು ಅಂಟಿಸಿ ಅವಳ ತಲೆದೆಸೆಯಲ್ಲಿಟ್ಟೆ. ಬೇಕೆಂದೇ ಒಂದನ್ನು ಸುಕ್ಕಾಗಿ ಅಂಟಿಸಿದ್ದೆ. ಸುಕ್ಕು ಕಂಡರೆ ಅವಳಿಗೆ ತಡೆಯುತ್ತಿರಲಿಲ್ಲ, ತಕ್ಷಣ ಹೆಬ್ಬೆರಳಿನಿಂದ ಒತ್ತಿಬಿಡುವಳು. ಒತ್ತಲಿಲ್ಲ. ಸಾಯಂಕಾಲದ ಜಪಸರದಲ್ಲಿ ನಾನು ಒಂದೇ ಬೇಡುತ್ತಿದ್ದೆ: ಅಮ್ಮ ನನ್ನನ್ನು ಕರೆಯಲಿ. ಯಾಕೆ ಬೇಕಾದರೂ ಕರೆಯಲಿ.

ಮಳೆಗಾಲದ ಕೊನೆಯಲ್ಲಿ ಕಾರ್ಡಿನ ಕಟ್ಟಿಗೆ ಗೆದ್ದಲು ಹತ್ತಿತು. ಎಲ್ಲ ಮುಖಗಳ ಒಂದೇ ಕಿವಿ ತಿಂದುಹಾಕಿತ್ತು. ಚರ್ಚಿನಲ್ಲಿ ಗುರುಗಳು ಮಂತ್ರಿಸಿದ ಕಾಗದವನ್ನು, ದೇವರ ಹೆಸರಿರುವ ಪಟವನ್ನು ನಾವು ಕಸಕ್ಕೆ ಹಾಕುವಂತಿಲ್ಲ, ರದ್ದಿಗೆ ಕೊಡುವಂತಿಲ್ಲ. ಸುಟ್ಟು, ಬೂದಿಯನ್ನು ಗಿಡದ ಬುಡಕ್ಕೆ ಹಾಕಬೇಕು. ಅಪ್ಪ ಮಾಡಹೊರಟದ್ದು ಅಷ್ಟೇ, ಪಾಪ. ಒಂದು ಭಾನುವಾರ ಪೂಜೆಯಿಂದ ಬಂದು, ಬಚ್ಚಲ ಹಂಡೆಯ ಒಲೆಯ ಮುಂದೆ ಕೂತು ಕಟ್ಟು ಬಿಚ್ಚಿದರು. ಅಮ್ಮ ಯಾವಾಗ ಎದ್ದು ಬಂದಳೋ ಗೊತ್ತಿಲ್ಲ.

"ಮಣ್ಣು ಮಾಡಿದ ಮಗೂನ ಈಗ ಸುಡ್ತೀರಾ?"

ಅಷ್ಟು ಕಾಲದ ನಂತರ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಅಪ್ಪನ ಕೈಯಲ್ಲಿದ್ದ ಕಾರ್ಡುಗಳು ಜಾರಿದವು. "ಪದ್ಧತಿ ಕಣೇ, ಕಾಗದ ಕಣೇ ಇದು" ಎಂದರು. "ಕಾಗದಾನೇ ಆದ್ರೆ ನಂಗೆ ಕೊಡಿ. ಕಾಗದ ಏನು ಮಾಡ್ಬೇಕು ಅಂತ ನಂಗೊತ್ತು" ಎಂದಳು. ಮಡಿಲಲ್ಲಿ ಎಲ್ಲವನ್ನೂ ಬಾಚಿಕೊಂಡು ಅಂಗಳಕ್ಕೆ ಹೋಗಿ ನಲ್ಲಿಯಡಿಯ ಬಕೆಟ್ಟಿಗೆ ಸುರಿದಳು.

ಕಾರ್ಡು ಅಚ್ಚಾದದ್ದು ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ, ಅದು ನೆನೆಯಲು ದಿನಗಳು ಬೇಕು. ಅಚ್ಚಿನ ಮಸಿ ನೀರಿಗೆ ಬಿಡುವುದಿಲ್ಲ. ಕಾರ್ಡು ಉಬ್ಬಿತು, ಪದರ ಬಿಚ್ಚಿತು, ನೀರು ಹುಳಿಯಾಯಿತು, ಮುಖ ಮಾತ್ರ ಹಾಗೆಯೇ ಇತ್ತು. ವಠಾರದವರು ನೀರು ಹಿಡಿಯಲು ಬಂದರೆ ಬಕೆಟ್ಟಿನ ಕಡೆ ನೋಡದೆ ಕೊಡ ತುಂಬಿಕೊಂಡು ಹೋಗುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಅಮ್ಮ ಮೆಂತ್ಯದ ಪಾತ್ರೆ ಹಿಡಿದು ಕಲ್ಲಿನ ಮುಂದೆ ಕೂತಳು. ಗುಂಡುಕಲ್ಲು ತಿರುಗಿದಂತೆ ತಮ್ಮನ ಹಣೆ, ಮೂಗು, ಬಿಳಿ ಅಂಗಿಯ ಕಾಲರ್ ಒಂದಕ್ಕೊಂದು ಬೆರೆತು ಬೂದುಬಣ್ಣದ ಮುದ್ದೆಯಾಗುವುದನ್ನು ನಾನು ಅಲ್ಲೇ ನಿಂತು ನೋಡಿದೆ. ಬೇಡಮ್ಮ ಎಂದು ಕಿರುಚಬೇಕು ಅನಿಸಿತು. ಆಗಲೇ ಅವಳು ತಲೆಯೆತ್ತದೆ, "ನೀರು ಹಾಕು" ಎಂದಳು. ನನಗೇ ಹೇಳಿದ್ದು, ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಓಡಿಹೋಗಿ ಚೊಂಬು ತಂದು ನೀರು ಹಾಕಿದೆ. ಅವಳು ಹಾಕು ಎಂದಷ್ಟೂ ಹಾಕಿದೆ.

ಮಡಕೆಯನ್ನು ಬೋರಲು ಹಾಕಿ, ಅದರ ಮೇಲೆ ಆ ಮುದ್ದೆಯನ್ನು ಮೆತ್ತಿ, ಅಂಗೈಯಲ್ಲಿ ತಟ್ಟಿ ತಟ್ಟಿ ಬಟ್ಟಲು ಮಾಡಿದಳು. ಮಗುವನ್ನು ಮಲಗಿಸುವಾಗ ತಟ್ಟುವ ಹಾಗೆಯೇ ತಟ್ಟಿದಳು ಎಂದು ಸಾಕಮ್ಮ ಆಮೇಲೆ ಎಲ್ಲರ ಹತ್ತಿರ ಹೇಳಿಕೊಂಡು ಅತ್ತಳು. ಒಣಗಿದ ಮೇಲೆ ಅದಕ್ಕೆ ಒಂದು ಹೂವನ್ನೂ ಅಂಟಿಸಲಿಲ್ಲ.

ಮಾರನೆಯ ಸಂಜೆ ನಾನು ಅಂಗಳದಲ್ಲಿ ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದೆ. ಅಮ್ಮ ಸೀರೆ ಬದಲಿಸಿ, ತಲೆ ಬಾಚಿಕೊಂಡು, ಬಾಗಿಲಿಗೆ ಬಂದು ನಿಂತಳು.

"ಇನ್ನೂ... ಬಾ ಕಂದ, ಕೈಕಾಲು ತೊಳ್ಕೊ. ಅನ್ನ ಆಗಿದೆ."

ನಲ್ಲಿಯ ಹತ್ತಿರ ಸಾಕಮ್ಮನ ಕೊಡ ತುಂಬಿ ಹರಿಯುತ್ತಿತ್ತು, ಅವಳು ನಲ್ಲಿ ನಿಲ್ಲಿಸಲಿಲ್ಲ. ಆಗಷ್ಟೇ ಬಂದ ಅಪ್ಪ ಸೈಕಲ್ ಹಿಡಿದುಕೊಂಡೇ ನಿಂತುಬಿಟ್ಟರು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಗೋಡೆಯನ್ನಲ್ಲ, ನನ್ನನ್ನು. "ಬಂದೆ ಅಮ್ಮ" ಎಂದೆ.

ಸಾಕಮ್ಮ ನನ್ನ ತೋಳು ಹಿಡಿದೆಳೆದು ಕಿವಿಯಲ್ಲಿ, "ಯಾಕವ್ವ ಓ ಅಂದೆ? ಸತ್ತ ಮಗೀನ ಎಸರ್‌ಗೆ ಬದ್ಕಿರೋರು ಓಗೊಡಬಾರ್ದು ಕಣವ್ವ!" ಎಂದಳು. "ಅಮ್ಮ ಕರೆದ್ಲು" ಎಂದೆ. ಅಪ್ಪ ನನ್ನ ತಲೆ ಸವರಿ, "ನಾಲ್ಕು ದಿನ ಅಷ್ಟೇ ಕಣಮ್ಮ, ಸರಿಹೋಗ್ತಾಳೆ, ನೀನು ಹ್ಞೂಂ ಅಂತಿರು" ಎಂದರು.

ಅಮ್ಮ ನಿಜವಾಗಿಯೂ ಸರಿಹೋದಳು. ಅಡುಗೆ ಮಾಡಿದಳು, ಕತ್ತರಿಗೆ ಸಾಣೆ ಹಿಡಿಸಿದಳು, ಡಬ್ಬಗಳಿಗೆ ಹೊಸ ಹೂವು ಬಂದವು. ನಾನು ಹುಡುಗಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಿಗಿಯಾಗಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತಿದ್ದಳು. ಕರೆಯುವುದು ಮಾತ್ರ ಆ ಹೆಸರಲ್ಲೇ. ನಾಲ್ಕು ದಿನ ನಲವತ್ತು ವರ್ಷವಾಯಿತು. ನನ್ನ ಮದುವೆಯ ದಿನ ನನ್ನವರ ಕೈ ಹಿಡಿದು, "ನಮ್ಮ ಇನ್ನೂನ ನೋಯಿಸಬೇಡಿ" ಎಂದಳು. ಅದೊಂದು ಮುದ್ದಿನ ಹೆಸರು ಎಂದು ಅವರು ತಿಳಿದುಕೊಂಡರು, ನಾನೂ ಬಿಡಿಸಿ ಹೇಳಲಿಲ್ಲ. ಯಾಕಮ್ಮ ಹಾಗೆ ಕರೀತೀಯಾ ಎಂದು ಕೇಳಲು ಎಷ್ಟೋ ಸಲ ಬಾಯಿ ತೆಗೆದಿದ್ದೇನೆ. ಕೇಳಿದರೆ ಎಚ್ಚೆತ್ತುಕೊಂಡು ಕರೆಯುವುದನ್ನೇ ಬಿಟ್ಟಾಳು ಎಂಬ ಹೆದರಿಕೆ. ಗೋಡೆಗೆ ತಿರುಗಿದ ಆ ಬೆನ್ನನ್ನು ಎರಡನೇ ಸಲ ನೋಡುವ ಶಕ್ತಿ ನನಗೆ ಯಾವ ವಯಸ್ಸಿನಲ್ಲೂ ಬರಲಿಲ್ಲ. ಆ ಬಟ್ಟಲು ವಠಾರ ಬಿಡುವ ಹೊತ್ತಿಗೆ ತೇವಕ್ಕೆ ಮೆತ್ತಗಾಗಿ, ಬುಡ ಉದುರಿ, ಎಲ್ಲೋ ಹೋಯಿತು. ಅಮ್ಮ ಹುಡುಕಲೂ ಇಲ್ಲ. ಅವಳಿಗೆ ನಾನಿದ್ದೆನಲ್ಲ.

ಹೋದ ವರ್ಷ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಮ್ಮ ಮಲಗಿದ್ದಳು. ಅನ್ನ ಬಿಟ್ಟು ದಿನಗಳಾಗಿದ್ದವು. ಮಧ್ಯಾಹ್ನ, ನಾನು ಕಿಟಕಿಯ ಹತ್ತಿರ ಒಗೆದ ಬಟ್ಟೆ ಮಡಿಸುತ್ತಿದ್ದೆ. "ರೆಜೀನಾ" ಎಂದು ಕೇಳಿಸಿತು. ಸಣ್ಣ, ಸ್ಪಷ್ಟ ದನಿ. ನಾನು ಬಾಗಿಲ ಕಡೆ ನೋಡಿದೆ, ಚರ್ಚಿನಿಂದ ಯಾರೋ ಅಮ್ಮನನ್ನು ನೋಡಲು ಬಂದಿರಬೇಕು ಎಂದು. ಯಾರೂ ಇರಲಿಲ್ಲ. ತಿರುಗಿ, "ಯಾರಮ್ಮ ಅದು?" ಎಂದು ಕೇಳಿದೆ.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿದಳು. ಅದು ನನ್ನದೇ ಹೆಸರು ಎಂದು ಹೊಳೆದು, ಮಡಿಸಿದ ಬಟ್ಟೆಯೆಲ್ಲ ಚೆಲ್ಲಿ ಮಂಚದ ಹತ್ತಿರ ಕುಸಿಯುವಷ್ಟರಲ್ಲಿ ಅವಳು ನಿದ್ದೆಗೆ ಜಾರಿದ್ದಳು. ಅಮ್ಮ, ಇಲ್ಲೇ ಇದೀನಿ, ನಾನೇ ಕಣಮ್ಮ, ಒಂದೇ ಒಂದು ಸಲ ಕರೆಯಮ್ಮ ಎಂದು ಸಂಜೆಯವರೆಗೂ ಆ ಕಿವಿಯಲ್ಲಿ ಹೇಳುತ್ತಲೇ ಇದ್ದೆ. ದೀಪ ಹಚ್ಚುವ ಮೊದಲು ಉಸಿರು ನಿಂತಿತು.

ಈಗ ರೆಜೀನಾ ಎಂದು ಹೆಸರು ಹಿಡಿದು ಕರೆಯುವವರು ಬ್ಯಾಂಕಿನ ಕೌಂಟರಿನವರು, ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿಯರು. ನಮ್ಮ ಕಡೆ ಆ ಹೆಸರಿನ ಹೆಂಗಸರು ಬಹಳ. ಎಷ್ಟೋ ಸಲ ಕರೆದದ್ದು ನನ್ನನ್ನಾಗಿರುವುದಿಲ್ಲ. ಆದರೂ ಕಿವಿಗೆ ಬಿದ್ದ ತಕ್ಷಣ ಎದ್ದು ನಿಲ್ಲುತ್ತೇನೆ.